ಸಾರಥಿಯ ನಾಲಿಗೆ: ಕನ್ನಡ ತೆರೆಯ ಮೇಲೆ ಸೀಮೆಯ ಮಾತು ಮತ್ತು ರಾಜು ತಾಳಿಕೋಟೆ

1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ ತೆರೆಗೆ ಬಂತು. ಬೇಡನೊಬ್ಬ ಅದರ ಕಥಾನಾಯಕ. ಆ ದಿಣ್ಣನ ಪಾತ್ರದಲ್ಲಿ ರಾಜಕುಮಾರ್, ಅರ್ಚಕರ ಮಗ ಕಾಶಿಯಾಗಿ ನಗಿಸಲು ನರಸಿಂಹರಾಜು. ಈಗ ನಿಜದ ಬೇಡರ ಊರೊಂದಕ್ಕೆ ಬರೋಣ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ, ಮ್ಯಾಸಬೇಡ ಬುಡಕಟ್ಟಿನ ಕುಲಕೇಂದ್ರಗಳಾದ ಕಟ್ಟೆಮನೆಗಳಲ್ಲಿ ಒಂದು. ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು, ಬುಡಕಟ್ಟು ವೀರರ ಕಥನಗಳು ಇಂದಿಗೂ ಬದುಕಿರುವ ಊರು. ನನ್ನಿವಾಳದಲ್ಲಿ ನಿಂತು ‘ಬೇಡರ ಕಣ್ಣಪ್ಪ’ವನ್ನು ನೋಡುವವರಿಗೆ ಒಂದು ಸಂಗತಿ ತಟ್ಟನೆ ಹೊಳೆಯುತ್ತದೆ. ದಿಣ್ಣನ ಮೈಮೇಲೆ ಬೇಡನ ಉಡುಗೆ ಇದೆ, ಕೈಯಲ್ಲಿ ಬಿಲ್ಲಿದೆ. ಬಾಯಲ್ಲಿ ಮಾತ್ರ ಗುಬ್ಬಿ ನಾಟಕ ಕಂಪನಿಯ ರಂಗಭಾಷೆ. ಬೇಡನ ವೇಷ ತೆರೆಗೆ ಬಂತು, ಬೇಡರ ಹಟ್ಟಿಯ ಮಾತು ಬರಲಿಲ್ಲ.

ಹದಿನೆಂಟು ವರ್ಷಗಳ ನಂತರ ನನ್ನಿವಾಳದ ಸೀಮೆಯೇ ತೆರೆಯ ಮೇಲೆ ಬಂತು. 1972ರ ‘ನಾಗರಹಾವು’ ಚಿತ್ರಕ್ಕೆ ಆಧಾರವಾದ ಮೂರು ಕಾದಂಬರಿಗಳನ್ನು ಬರೆದ ತ.ರಾ.ಸು. ಅವರದು ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನ. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಚಿತ್ರದುರ್ಗದ ಕಲ್ಲು, ಕೋಟೆ, ಮೆಟ್ಟಿಲುಗಳನ್ನು ಎಷ್ಟು ಪ್ರೀತಿಯಿಂದ ತೋರಿಸಿದ್ದಾರೆಂದರೆ, ಕೋಟೆಯೇ ಒಂದು ಪಾತ್ರವಾಗಿಬಿಟ್ಟಿದೆ. ಲೋಕನಾಥ್, ಶಿವರಾಂ, ಧೀರೇಂದ್ರ ಗೋಪಾಲ್ ಅವರಂಥ ನಗಿಸುವ ನಟರೂ ಅದರಲ್ಲಿದ್ದಾರೆ. ಆದರೂ ದುರ್ಗದ ಸಂತೆಯಲ್ಲಿ ಕೇಳುವ ‘ಐತೆ’, ‘ಮ್ಯಾಲೆ’, ‘ಬ್ಯಾಡ’, ‘ಕಣಲೇ’ಗಳ ದುರ್ಗ ಅದಲ್ಲ. ಚಿತ್ರದ ಹಿರಿಮೆಗೆ ಇದರಿಂದ ಕುಂದಿಲ್ಲ. ಆದರೆ ಒಂದು ಪ್ರಶ್ನೆ ಹುಟ್ಟುತ್ತದೆ: ಒಂದು ಸೀಮೆಯ ನೆಲವನ್ನು ಇಷ್ಟು ಸಲೀಸಾಗಿ ಒಳಗೆ ಬಿಟ್ಟುಕೊಂಡ ಕನ್ನಡ ತೆರೆ, ಆ ಸೀಮೆಯ ನಾಲಿಗೆಯನ್ನು ಬಿಟ್ಟುಕೊಳ್ಳಲು ಯಾರ ದಾರಿ ಕಾಯುತ್ತಿತ್ತು?

ನನ್ನ ಉತ್ತರ ಇದು. ಕನ್ನಡದಲ್ಲಿ ಸೀಮೆಯ ಮಾತು ತೆರೆಗೆ ಬಂದದ್ದು ಹೆಚ್ಚಾಗಿ ಹಾಸ್ಯನಟನ ಬೆನ್ನೇರಿ. ಆ ಹಾಸ್ಯನಟ ಬಂದದ್ದು ವೃತ್ತಿರಂಗಭೂಮಿಯ ಬೆನ್ನೇರಿ. ಎಲ್ಲಿ ಕಂಪನಿ ನಾಟಕಗಳು ಬಲವಾಗಿ ಉಳಿದವೋ ಅಲ್ಲಿಯ ಮಾತು ತೆರೆ ತಲುಪಿತು. ಎಲ್ಲಿ ಆಟ ಊರವರ ಕೈಯಲ್ಲೇ ಉಳಿಯಿತೋ ಅಲ್ಲಿಯ ಮಾತು ಊರಲ್ಲೇ ಉಳಿಯಿತು. ಹಾಸ್ಯನಟ ರಾಜು ತಾಳಿಕೋಟೆ ಅವರ ಬದುಕಿನ ದಾರಿ ಇದಕ್ಕೆ ಸ್ಪಷ್ಟ ಸಾಕ್ಷಿ.

ಅದಕ್ಕೆ ಮೊದಲು ಬಯಲಾಟದ ಮಾತು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಬಯಲಾಟದಲ್ಲಿ ರಾಜನಿಗೆ, ರಾಕ್ಷಸನಿಗೆ, ಋಷಿಗೆ ಗ್ರಾಂಥಿಕ ಮಾತು. ಕಂದ, ವೃತ್ತ, ಉದ್ದುದ್ದ ಸಂಬೋಧನೆಗಳು. ರಂಗದ ಮೇಲೆ ಊರಿನ ಮಾತಾಡುವ ಹಕ್ಕು ಇರುವುದು ಸಾರಥಿಗೆ. ‘ಬಂದಂಥವರು ಯಾರು?’ ಎಂದು ಕೇಳಿ ಪಾತ್ರದ ಗುರುತು ಹೊರಡಿಸುವವನು ಅವನು. ಕೌರವನ ಗರ್ಜನೆಯನ್ನು ಹಟ್ಟಿಯ ಮಾತಿಗೆ ಇಳಿಸಿ ನಗಿಸುವವನೂ ಅವನೇ. ಸಾರಥಿಯನ್ನು ಬರೀ ವಿದೂಷಕನೆಂದು ಕರೆದರೆ ಅವನ ಕೆಲಸದ ಅರ್ಧ ಮಾತ್ರ ಹೇಳಿದಂತೆ. ಅವನು ಎರಡು ಕನ್ನಡಗಳ ನಡುವೆ ನಿಂತ ದುಭಾಷಿ. ಕನ್ನಡದ ಆಟದಲ್ಲಿ ಆಡುನುಡಿಗೂ ನಗೆಗೂ ನಂಟು ಬೆಳೆದದ್ದು ಸಿನಿಮಾಕ್ಕಿಂತ ಬಹಳ ಹಿಂದೆ, ಇಂಥ ರಂಗಗಳ ಮೇಲೆ. ಆದರೆ ಈ ಸಾರಥಿ ಹಗಲಲ್ಲಿ ಶೇಂಗಾ ಹೊಲಕ್ಕೆ ಹೋಗುವವನು. ವರ್ಷಕ್ಕೊಮ್ಮೆ ಬಣ್ಣ ಹಚ್ಚುವವನು. ಅವನ ಮಾತು ಅವನ ಊರಿನ ಗಡಿ ದಾಟಿ ಮಾರಾಟಕ್ಕೆ ಹೋಗಲಿಲ್ಲ.

ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಕಥೆ ಬೇರೆ. ಅಲ್ಲಿ ನಗಿಸುವುದು ಹೊಟ್ಟೆಪಾಡಾಗಿತ್ತು. ಬಾದಾಮಿಯ ಬನಶಂಕರಿ ಜಾತ್ರೆಗೆ ಒಂದರ ಪಕ್ಕ ಒಂದು ನಾಟಕ ಕಂಪನಿ ಡೇರೆ ಹಾಕುತ್ತವೆ. ಪಕ್ಕದ ಡೇರೆಗೆ ಜನ ಹೋಗದಂತೆ ತಡೆಯಬಲ್ಲವನು ಹಾಸ್ಯದ ಪಾತ್ರಧಾರಿ. ಅಲ್ಲಿ ಗ್ರಾಂಥಿಕ ಕನ್ನಡ ನಡೆಯದು. ‘ಮನಿ’, ‘ತಲಿ’, ‘ಐತಿ’, ‘ಹೋಗ್ಯಾನ’, ‘ಏನ್ಪಾ’, ‘ಹೌದ್ರಿ’ ಎನ್ನುವ ಮಾತಿನ ಲಯ, ಮಾತಿಗೆ ಮಾತು ಜೋಡಿಸುವ ವೇಗ, ಎದುರು ಕೂತವರ ಮುಖ ನೋಡಿ ಹೊಸ ಮಾತು ಹೊಸೆಯುವ ಚುರುಕು ಬೇಕು. ಒಂದೇ ನಾಟಕ ನೂರಾರು ಪ್ರಯೋಗ ಕಾಣುವಾಗ ಬರೆದ ಮಾತಿಗಿಂತ ಆಡುತ್ತಾ ಬೆಳೆದ ಮಾತೇ ಹೆಚ್ಚಾಗುತ್ತದೆ. ಆಡುನುಡಿ ಅಲ್ಲಿ ದಿನವೂ ಸಾಣೆಗೆ ಬಿದ್ದ ಕತ್ತಿ.

ಮುಂದೆ ರಾಜು ತಾಳಿಕೋಟೆ ಎನಿಸಿದ ರಾಜೇಸಾಬ ಮಕ್ತುಮಸಾಬ ಈ ಲೋಕದಲ್ಲೇ ಹುಟ್ಟಿದವರು. ಸಿಂದಗಿ ತಾಲ್ಲೂಕಿನ ಚಿಕ್ಕಸಿಂದಗಿ ಅವರ ಊರು. ತಂದೆತಾಯಿ ಇಬ್ಬರೂ ಕಲಾವಿದರು. ತಾಳಿಕೋಟೆಯ ಖಾಸ್ಗತೇಶ್ವರ ಮಠದ ಹೆಸರು ಹೊತ್ತ ಖಾಸ್ಗತೇಶ್ವರ ನಾಟ್ಯ ಸಂಘ ಅವರ ಮನೆಯ ಕಂಪನಿ. ಒಂದು ಮುಸ್ಲಿಂ ಕುಟುಂಬ ಲಿಂಗಾಯತ ಮಠದ ಸ್ವಾಮಿಗಳ ಹೆಸರಲ್ಲಿ ನಾಟಕ ಸಂಘ ಕಟ್ಟಿ ಊರೂರು ತಿರುಗುವುದು ಅಲ್ಲಿಯವರಿಗೆ ವಿಶೇಷವೆನಿಸುವ ಸಂಗತಿಯಲ್ಲ. ನಮ್ಮ ಕಾಲಕ್ಕೆ ಅದನ್ನು ಒತ್ತಿ ಹೇಳಬೇಕಾಗಿದೆ. ಚಿಕ್ಕ ವಯಸ್ಸಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಓದು ನಿಲ್ಲಿಸಿ, ಸಿಕ್ಕ ಸಣ್ಣಪುಟ್ಟ ಕೆಲಸ ಮಾಡಿ, ಕಡೆಗೆ ಕಂಪನಿಯ ರಂಗಕ್ಕೇ ಮರಳಿದರು. ತಾಳಿಕೋಟೆ ಎಂಬ ಊರ ಹೆಸರು ಅವರಿಗೆ ಅಂಟಿದ್ದು ಹೀಗೆ ಕಂಪನಿಯ ಮೂಲಕ.

ಅವರನ್ನು ಮನೆಮಾತಾಗಿಸಿದ ನಾಟಕ ‘ಕಲಿಯುಗದ ಕುಡುಕ’. ಕುಡುಕನ ಪಾತ್ರ ಕಂಪನಿ ನಾಟಕಗಳಿಗೆ ಹೊಸದಲ್ಲ. ಆದರೆ ಕುಡುಕನಿಗೆ ಒಂದು ಅನುಕೂಲವಿದೆ. ಅವನು ಗೌಡನನ್ನು, ಪುಢಾರಿಯನ್ನು, ಹೆಂಡತಿಯನ್ನು, ಕಡೆಗೆ ತನ್ನನ್ನೂ ಬಯ್ದುಕೊಳ್ಳಬಹುದು. ನಶೆಯ ಹೆಸರಲ್ಲಿ ಎಲ್ಲಕ್ಕೂ ಮಾಫಿ. ಬಯಲಾಟದ ಸಾರಥಿಗೆ ಇದ್ದ ಸಲಿಗೆಯೇ ಕಂಪನಿಯ ಕುಡುಕನಿಗೂ ಸಿಕ್ಕಿತು. ತೊದಲಿನಲ್ಲೂ ಸ್ಪಷ್ಟವಾಗಿ ಕೇಳುವ ಮಾತು, ನಗುವಿನ ನಡುವೆ ತಟ್ಟನೆ ಕೊರಳು ಬಿಗಿಯುವ ತಿರುವು ತಾಳಿಕೋಟೆಯವರ ಗಳಿಕೆ. ಕುಡುಕನನ್ನು ನೋಡಿ ನಕ್ಕವರು ಅವನ ಮನೆಯವರನ್ನು ನೆನೆದು ಸುಮ್ಮನಾಗುವಂತೆ ಮಾಡುವುದು ಸುಲಭದ ವಿದ್ಯೆಯಲ್ಲ.

ಈ ನಾಟಕ ಧ್ವನಿಸುರುಳಿಯಾಗಿ ಬಂದದ್ದು ಅವರ ಚಿತ್ರಬದುಕಿನ ನಿಜವಾದ ಆರಂಭವೆಂದು ನಾನು ಎಣಿಸುತ್ತೇನೆ. ಚಿತ್ರರಂಗದ ಇತಿಹಾಸ ಬರೆಯುವವರು ಕ್ಯಾಸೆಟ್ಟಿಗೆ ತಕ್ಕ ಜಾಗ ಕೊಟ್ಟಿಲ್ಲ. ಕಂಪನಿಯ ಡೇರೆ ಜಾತ್ರೆಯಿಂದ ಜಾತ್ರೆಗೆ ಹೋಗುತ್ತದೆ. ಕ್ಯಾಸೆಟ್ಟು ಬಸ್ಸಿನಲ್ಲಿ, ಲಾರಿಯಲ್ಲಿ, ಚಹಾದಂಗಡಿಯಲ್ಲಿ ಕೂತು ಎಲ್ಲಿಗಾದರೂ ಹೋಗುತ್ತದೆ. ಮುಖ ಕಾಣದೆ ಬರೀ ಕೊರಳು ಕೇಳುವಾಗ ಮಾತಿನ ಸೀಮೆಯೇ ಪಾತ್ರದ ಮುಖವಾಗುತ್ತದೆ. ವಿಜಯಪುರದ ಮಾತಿನ ಜಾಡು ಗೊತ್ತಿಲ್ಲದ ಹಳೇ ಮೈಸೂರಿನ ಕಿವಿಗಳನ್ನೂ ಕ್ಯಾಸೆಟ್ಟು ಪಳಗಿಸಿತು. ಮುಂದೆ ಚಿತ್ರಮಂದಿರದಲ್ಲಿ ಅದೇ ಮಾತು ಕೇಳಿದಾಗ ಯಾರೂ ‘ಏನಂದ?’ ಎಂದು ಪಕ್ಕದವರನ್ನು ಕೇಳಬೇಕಾಗಲಿಲ್ಲ.

ತೆರೆಯ ಮೇಲೆ ಅವರಿಗೆ ದೊಡ್ಡ ತಿರುವು ಕೊಟ್ಟದ್ದು 2009ರ ‘ಮನಸಾರೆ’. ನಿರ್ದೇಶಕ ಯೋಗರಾಜ್ ಭಟ್ ಹಾನಗಲ್ ತಾಲ್ಲೂಕಿನ ತಿಳವಳ್ಳಿಯಲ್ಲಿ ಬೆಳೆದವರು. ಉತ್ತರ ಕರ್ನಾಟಕದ ಮಾತು ಅವರಿಗೆ ಬೇರೆಯವರ ಮಾತಲ್ಲ. ಕಥೆಯ ಮುಖ್ಯ ಭಾಗ ನಡೆಯುವುದು ಹುಚ್ಚಾಸ್ಪತ್ರೆಯಲ್ಲಿ. ದಿಗಂತ್ ಅಭಿನಯಿಸಿದ ನಾಯಕ ಅಲ್ಲಿಗೆ ಸೇರುವುದು ತಪ್ಪಿನಿಂದ. ಅವನಿಗೆ ಜೊತೆಯಾಗುವ ಶಂಕ್ರಪ್ಪನಾಗಿ ತಾಳಿಕೋಟೆ. ಮಾತಿನ ಹಂಚಿಕೆಯನ್ನು ಗಮನಿಸಬೇಕು. ಹೊರಗಿನ ಶಾಣ್ಯಾರೆಲ್ಲ ನಗರದ ಕನ್ನಡದಲ್ಲಿ ಗೊಂದಲದ ಮಾತಾಡುತ್ತಾರೆ. ಒಳಗಿನ ಹುಚ್ಚ ಉತ್ತರದ ಕನ್ನಡದಲ್ಲಿ ಬುದ್ಧಿಯ ಮಾತಾಡುತ್ತಾನೆ. ಪ್ರೇಕ್ಷಕ ಮೊದಲು ನಗುವುದು ಆ ಉಚ್ಚಾರಕ್ಕೆ. ಚಿತ್ರ ಅರ್ಧ ಸಾಗುವಷ್ಟರಲ್ಲಿ ಉಚ್ಚಾರ ಕಿವಿಗೆ ಒಗ್ಗಿ, ನಗು ಮಾತಿನ ತಿರುಳಿಗೆ ಹೊರಳುತ್ತದೆ. ಕುಡುಕನ ಜಾಗದಲ್ಲಿ ಹುಚ್ಚ ಬಂದಿದ್ದಾನೆ, ಸಲಿಗೆ ಅದೇ. ಸಾರಥಿಯಿಂದ ಕುಡುಕನಿಗೆ, ಕುಡುಕನಿಂದ ಶಂಕ್ರಪ್ಪನಿಗೆ ಒಂದೇ ನೂಲು ಹರಿದು ಬಂದದ್ದು ನನಗೆ ಇಲ್ಲಿ ಕಾಣುತ್ತದೆ.

2010ರಲ್ಲಿ ಅದೇ ನಿರ್ದೇಶಕರ ‘ಪಂಚರಂಗಿ’ ಬಂತು. ಆ ಬಳಿಕ ಅವಕಾಶಗಳು ಸಾಲಾಗಿ ಬಂದವು, ಪಾತ್ರಗಳು ಅಷ್ಟು ಬೆಳೆಯಲಿಲ್ಲ. ನಿರ್ಮಾಪಕರಿಗೆ ಬೇಕಾದದ್ದು ಎರಡು ದೃಶ್ಯ, ನಾಲ್ಕು ನಗು, ಒಂದಿಷ್ಟು ‘ಯಾಕಲೇ’. ನಾಯಕನ ಊರು ಯಾವುದೇ ಇರಲಿ ಅವನ ಮಾತು ಬೆಂಗಳೂರಿನದು. ಅವನ ಪಕ್ಕದವನು ಮಾತ್ರ ಸೀಮೆಯವನು. ಇದು ಒಬ್ಬ ನಟನಿಗಾದ ಅನ್ಯಾಯವಷ್ಟೇ ಅಲ್ಲ. ಒಂದು ಮಾತು ನಗಿಸುವುದಕ್ಕೆ ಮಾತ್ರ ಯೋಗ್ಯ ಎಂದು ತೆರೆ ಮೂವತ್ತು ವರ್ಷ ಹೇಳುತ್ತಾ ಬಂದರೆ, ಆ ಮಾತಾಡುವ ಮಕ್ಕಳು ಕಾಲೇಜಿಗೆ ಬೆಂಗಳೂರಿಗೆ ಬಂದಾಗ ಬಾಯಿ ಬಿಗಿಹಿಡಿಯುತ್ತಾರೆ.

ಹಾಗೆಂದು ಬೇರೆ ದಾರಿ ಇರಲಿಲ್ಲವೆಂದಲ್ಲ. 1978ರಲ್ಲೇ ‘ಪರಸಂಗದ ಗೆಂಡೆತಿಮ್ಮ’ದಲ್ಲಿ ಲೋಕೇಶ್ ಮೈಸೂರು ಕಡೆಯ ಹಳ್ಳಿಮಾತಲ್ಲಿ ನಗಿಸುತ್ತಲೇ ಎದೆ ಹಿಂಡಿದ್ದರು, ಶ್ರೀಕೃಷ್ಣ ಆಲನಹಳ್ಳಿ ಅವರ ಕಾದಂಬರಿಯ ಗದ್ಯವೇ ಅದಕ್ಕೆ ಬಲ. ನನ್ನಿವಾಳಕ್ಕೆ ಹತ್ತಿರದ ಉದಾಹರಣೆ 1994ರ ‘ಕೊಟ್ರೇಶಿ ಕನಸು’. ಕಥೆ ಕುಂ. ವೀರಭದ್ರಪ್ಪನವರದು, ಮೊಳಕಾಲ್ಮೂರಿನ ಗಡಿ ದಾಟಿದರೆ ಸಿಗುವ ಕೂಡ್ಲಿಗಿ, ಕೊಟ್ಟೂರುಗಳ ಸೀಮೆ ಅವರ ಕಥಾಲೋಕ. ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶನದ ಆ ಚಿತ್ರ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು, ಬಾಲಕ ವಿಜಯ್ ರಾಘವೇಂದ್ರನಿಗೂ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಕರಿಬಸವಯ್ಯ ಅವರ ಅಭಿನಯ ನೋಡಬೇಕು. ಹಾಸ್ಯನಟನೆಂದು ಹೆಸರಾದವರು ಅಲ್ಲಿ ಬಡ ದಲಿತ ಮನೆಯ ದೈನ್ಯವನ್ನು ಬಿರುಸಿಲ್ಲದ ಮಾತಲ್ಲಿ ಹೇಳಿದ್ದಾರೆ. 2012ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಹಾಸ್ಯನಟ ಎಂದೇ ಬರೆದವು.

ವೈಜನಾಥ ಬಿರಾದಾರ ಅವರದು ಇನ್ನೂ ತೀಕ್ಷ್ಣವಾದ ಉದಾಹರಣೆ. ಬೀದರ್ ಜಿಲ್ಲೆಯಿಂದ ಬಂದ ಈ ನಟ ನೂರಾರು ಚಿತ್ರಗಳಲ್ಲಿ ಭಿಕ್ಷುಕನಾಗಿ, ಕುಡುಕನಾಗಿ ನಗಿಸಿದರು. ಗಿರೀಶ್ ಕಾಸರವಳ್ಳಿ ಅಮರೇಶ ನುಗಡೋಣಿ ಅವರ ಕಥೆಯನ್ನು ಆಧರಿಸಿ ‘ಕನಸೆಂಬೋ ಕುದುರೆಯನೇರಿ’ ಮಾಡಿದಾಗ ಹೆಣ ಹೂಳಲು ಗುಂಡಿ ತೋಡುವ ಈರ್‍ಯಾನ ಪಾತ್ರವನ್ನು ಬಿರಾದಾರರಿಗೆ ಕೊಟ್ಟರು. ಮಾತು ಅದೇ, ಮೈಕಟ್ಟು ಅದೇ. ಯಾರೂ ನಗಲಿಲ್ಲ. ಸ್ಪೇನಿನ ಚಿತ್ರೋತ್ಸವವೊಂದರಲ್ಲಿ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ನಗು ಮಾತಿನೊಳಗೆ ಇರುವುದಿಲ್ಲ, ಕ್ಯಾಮೆರಾ ಆ ಮಾತಾಡುವವನನ್ನು ಎಲ್ಲಿ ನಿಲ್ಲಿಸಿದೆ ಎನ್ನುವುದರಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ರಂಗ ಮೊದಲು, ತೆರೆ ಆಮೇಲೆ ಎಂಬ ಈ ಕ್ರಮ ನಮ್ಮಲ್ಲಿ ಮಾತ್ರ ಕಾಣುವಂಥದ್ದಲ್ಲ. ಅಮೆರಿಕದ ಹಾಸ್ಯನಟರಾದ ಮಾರ್ಕ್ಸ್ ಸೋದರರಲ್ಲಿ ಚಿಕೊ ಇಟಲಿಯವರ ಇಂಗ್ಲಿಷ್ ಆಡಿ ನಗಿಸುತ್ತಿದ್ದರು. ಅವರು ಇಟಲಿಯವರಲ್ಲ, ನ್ಯೂಯಾರ್ಕಿನ ಯಹೂದಿ ಮನೆತನದವರು. ಆ ಮಾತನ್ನು ರಂಗದ ಮೇಲೆ ವರ್ಷಗಟ್ಟಲೆ ಪಳಗಿಸಿ 1929ರಲ್ಲಿ ತೆರೆಗೆ ತಂದರು. ತಾಳಿಕೋಟೆ, ಬಿರಾದಾರರದು ಎರವಲು ನಾಲಿಗೆಯಲ್ಲ ಎಂಬ ವ್ಯತ್ಯಾಸ ನನಗೆ ಮುಖ್ಯ.

ಚಳ್ಳಕೆರೆಯವರಿಗೆ ಚಿಕೊಗಿಂತ ಹತ್ತಿರದ ಹೋಲಿಕೆ ಪೂರ್ವದ ಗಡಿಯಾಚೆ, ಆಂಧ್ರದಲ್ಲಿ ಇದೆ. ರಾಯದುರ್ಗ, ಕಲ್ಯಾಣದುರ್ಗಗಳು ಇಲ್ಲಿಗೆ ನೆರೆಯೂರುಗಳು. ತೆಲುಗು ಚಿತ್ರಗಳು ಇಲ್ಲಿ ಹೊರಗಿನವಲ್ಲ. ಕರ್ನೂಲು ಜಿಲ್ಲೆಯ ಜಯಪ್ರಕಾಶ್ ರೆಡ್ಡಿ 1997ರ ‘ಪ್ರೇಮಿಂಚುಕುಂದಾಂ ರಾ’ದಿಂದ ಮೊದಲ್ಗೊಂಡು 2020ರಲ್ಲಿ ತೀರಿಕೊಳ್ಳುವ ತನಕ ರಾಯಲಸೀಮೆಯ ತೆಲುಗನ್ನು ಖಳನ ಬಾಯಲ್ಲೂ ಹಾಸ್ಯದ ಬಾಯಲ್ಲೂ ಮೊಳಗಿಸಿದರು. ಮನೆಯೊಳಗೆ ತೆಲುಗು ಬೆರೆತ ಮಾತಾಡುವ ಮ್ಯಾಸಬೇಡರ ಹಟ್ಟಿಗಳಿಗೆ ಅವರ ನುಡಿ ಬೆಂಗಳೂರಿನ ಕನ್ನಡಕ್ಕಿಂತ ಹತ್ತಿರ. ಈ ಸೀಮೆಯ ಜನ ತಮ್ಮ ಮಾತಿನ ನೆರಳನ್ನು ತೆರೆಯ ಮೇಲೆ ಕೇಳಿದ್ದು ಪಕ್ಕದ ಭಾಷೆಯ ಚಿತ್ರದಲ್ಲಿ.

ಕನ್ನಡದಲ್ಲಿ ಈ ಬಯಲಿಗೆ ಸಮೀಪದಿಂದ ಬಂದ ದೊಡ್ಡ ನಟ ರಂಗಾಯಣ ರಘು. ಚಳ್ಳಕೆರೆಗೆ ನೆರೆಯ ಪಾವಗಡ ತಾಲ್ಲೂಕಿನ ಕೊತ್ತೂರಿನವರು, ಬಿ.ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ರಂಗಾಯಣದಲ್ಲಿ ಪಳಗಿದವರು. 2006ರ ‘ಸೈನೈಡ್’, 2007ರ ‘ದುನಿಯಾ’ ಅವರ ಶಕ್ತಿಯನ್ನು ತೋರಿಸಿದವು. ಆದರೆ ರಂಗಾಯಣದ ತರಬೇತಿ ನಟನಿಗೆ ಹತ್ತು ಸೀಮೆಯ ಮಾತನ್ನು ಕಲಿಸುತ್ತದೆ. ಕಂಪನಿ ಒಂದೇ ಸೀಮೆಯ ಮಾತನ್ನು ಹತ್ತು ಬಗೆಯಲ್ಲಿ ಆಡಲು ಕಲಿಸುತ್ತದೆ. ರಘು ಮೊದಲ ಬಗೆಯ ನಟ. ಅವರ ಬಾಯಲ್ಲಿ ಮಂಡ್ಯವೂ ಬರುತ್ತದೆ, ಉತ್ತರವೂ ಬರುತ್ತದೆ. ಪಾವಗಡ-ಚಳ್ಳಕೆರೆಯ ಮಾತು ಅವರ ಗುರುತಾಗಿ ನಿಲ್ಲಲಿಲ್ಲ. ಅದಕ್ಕೆ ಮಾತಿನ ಸ್ವಭಾವವೂ ಕಾರಣ. ದುರ್ಗದ ಸೀಮೆಯದು ಉತ್ತರ ದಕ್ಷಿಣಗಳ ನಡುವಿನ ಕನ್ನಡ: ‘ಮ್ಯಾಲೆ’, ‘ಬ್ಯಾಡ’ ಎನ್ನುವಾಗ ಉತ್ತರದಂತೆ, ‘ಐತೆ’, ‘ಕಣಪ್ಪ’ ಎನ್ನುವಾಗ ದಕ್ಷಿಣದಂತೆ. ಒಂದೇ ಪದಕ್ಕೆ ಊರು ಗುರುತಿಸಿ ನಗಲು ಹವಣಿಸುವ ಪ್ರೇಕ್ಷಕನಿಗೆ ಇದು ಸುಲಭವಾಗಿ ದಕ್ಕದು.

ಮತ್ತೆ ರಾಜು ತಾಳಿಕೋಟೆಯವರತ್ತ ಬರೋಣ. ಅವರು 2019ರಲ್ಲಿ ಕನ್ನಡದ ‘ಬಿಗ್ ಬಾಸ್’ ಟಿವಿ ಕಾರ್ಯಕ್ರಮದ ಏಳನೆಯ ಆವೃತ್ತಿಯ ಮನೆಯಲ್ಲಿದ್ದರು. ಬರೆದುಕೊಟ್ಟ ಮಾತಿಲ್ಲದ ಆ ಮನೆಯಲ್ಲಿ ಜನ ಅವರ ನುಡಿಯನ್ನು ಪಾತ್ರದ ನುಡಿಯಾಗಿ ಅಲ್ಲ, ಊಟ ಮಾಡುವಾಗ, ಸಿಟ್ಟಾದಾಗ, ಸುಮ್ಮನೆ ಕೂತಾಗ ಆಡುವ ನುಡಿಯಾಗಿ ಕೇಳಿದರು. 2024ರಲ್ಲಿ ಸರ್ಕಾರ ಅವರನ್ನು ಧಾರವಾಡ ರಂಗಾಯಣದ ನಿರ್ದೇಶಕರನ್ನಾಗಿ ಮಾಡಿತು. ಹವ್ಯಾಸಿ, ಆಧುನಿಕ ರಂಗಭೂಮಿಯವರದೇ ಎನಿಸಿದ್ದ ಕುರ್ಚಿಯಲ್ಲಿ ಕಂಪನಿ ನಾಟಕದ ಕುಡುಕನ ಪಾತ್ರಧಾರಿ ಕೂತರು. ಅದರ ಮರುವರ್ಷ, ಚಿತ್ರೀಕರಣಕ್ಕೆಂದು ಉಡುಪಿ ಕಡೆಗೆ ಹೋಗಿದ್ದಾಗ ಹೃದಯಾಘಾತವಾಗಿ, 2025ರ ಅಕ್ಟೋಬರ್ 13ರಂದು ಮಣಿಪಾಲದಲ್ಲಿ ಕೊನೆಯುಸಿರೆಳೆದರು. ಕರಾವಳಿಯಿಂದ ಅವರ ದೇಹ ಘಟ್ಟ ಹತ್ತಿ ಚಿಕ್ಕಸಿಂದಗಿಗೆ ಹೋಯಿತು.