ಹೊಗೆಯ ಬಲ, ಹಳೆಯ ಕಾರು

ಹತ್ತನೆಯ ತರಗತಿಯಲ್ಲಿ ಉಷ್ಣಯಂತ್ರಗಳ ದಕ್ಷತೆಯನ್ನು ಕಲಿಸುವಾಗ ನಾನು ಪ್ರತಿ ವರ್ಷವೂ ಒಂದು ವಾಕ್ಯವನ್ನು ಬರೆಸುತ್ತಿದ್ದೆ: ಪೆಟ್ರೋಲಿನ ಶಾಖದ ಸುಮಾರು ಮೂರನೆಯ ಒಂದು ಪಾಲು ಹೊಗೆಯೊಡನೆ ಹೊರಹೋಗಿ ವ್ಯರ್ಥವಾಗುತ್ತದೆ. 1989ರ ಬ್ಯಾಚಿನವರಿಗೆ ಇದು ನೆನಪಿರಬಹುದು. ಆ ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನ ತಂದೆ ಲಾರಿ ರಿಪೇರಿಯ ಗ್ಯಾರೇಜು ನಡೆಸುತ್ತಿದ್ದರು. "ಸಾರ್, ಆ ಹೊಗೆ ಕೈಲೇ ಏನಾದ್ರೂ ಕೆಲ್ಸ ಮಾಡಿಸೋಕಾಗಲ್ವಾ?" ಎಂದು ಕೇಳಿದ. "ಮೊದ್ಲು ಲೆಕ್ಕ ಮಾಡಯ್ಯಾ, ಹೊಗೆ ವಿಚಾರ ಆಮೇಲೆ" ಎಂದು ಕೂರಿಸಿಬಿಟ್ಟೆ. ತರಗತಿಯೆಲ್ಲ ನಕ್ಕಿತು. ನನಗೆ ಉತ್ತರ ತಿಳಿದಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ.

ಉತ್ತರವಾದರೋ ಅವನ ಪ್ರಶ್ನೆಗಿಂತ 84 ವರ್ಷ ಹಳೆಯದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಹೊರಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸುವುದು. ಅದೇ ಅಚ್ಚಿಗೆ ಜೋಡಿಸಿದ ಇನ್ನೊಂದು ಚಕ್ರದಿಂದ ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವುದು. ಹೆಚ್ಚು ಗಾಳಿ ಬಂದರೆ ಹೆಚ್ಚು ಇಂಧನವನ್ನು ಉರಿಸಬಹುದು. ಟರ್ಬೋ ಎಂದರೆ ಇಷ್ಟೇ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಇಂಥ ಯಂತ್ರವನ್ನು ಸುಮಾರು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಹೊತ್ತೊಯ್ದು, ತೆಳುಗಾಳಿಯಲ್ಲಿ ಸೊರಗುವ ವಿಮಾನದ ಎಂಜಿನ್ನು ತನ್ನ ಬಲವನ್ನು ಮರಳಿ ಪಡೆಯುವುದನ್ನು ತೋರಿಸಿದರು.

ಕಾರುಗಳಿಗೆ ಇದು ಬಂದದ್ದು ತಡವಾಗಿ. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಒತ್ತಿ ತುಂಬಿದ ಮಿಶ್ರಣವು ಅತಿಯಾಗಿ ಕಾಯ್ದು ಹೊತ್ತಿಗೆ ಮೊದಲೇ ಸಿಡಿಯುತ್ತದೆ. ಇದನ್ನು ಮೆಕ್ಯಾನಿಕ್ಕುಗಳು ನಾಕಿಂಗ್ ಎನ್ನುತ್ತಾರೆ. ಪಿಸ್ಟನ್ನನ್ನು ಒಡೆಯುವ ರೋಗ ಅದು. ಅದನ್ನು ತಡೆಯಲು ಆ ಕಾರಿನಲ್ಲಿ ಭಟ್ಟಿಯಿಳಿಸಿದ ನೀರು, ಮೆಥನಾಲ್ ಬೆರೆಸಿದ ದ್ರವವನ್ನು ಸಿಂಪಡಿಸುವ ಏರ್ಪಾಡಿತ್ತು. ಮಾಲೀಕರು ಆ ದ್ರವವನ್ನು ತುಂಬಿಸುವುದನ್ನೇ ಮರೆತರು. ಕೊನೆಗೆ ಟರ್ಬೋ ಕಳಚಿ ಸಾಧಾರಣ ಕಾರ್ಬ್ಯುರೇಟರ್ ಹಾಕಿಕೊಡುವ ಕೆಲಸವನ್ನು ಕಂಪೆನಿಯೇ ಮಾಡಬೇಕಾಯಿತು.

ಇನ್ನು ಡಾಟ್ಸನ್ 240ಝೆಡ್. 1969ರ ಕೊನೆಯಲ್ಲಿ ಜಪಾನಿನಲ್ಲಿ ಪ್ರಕಟವಾದ ಈ ಕಾರನ್ನು ಅಮೆರಿಕದಲ್ಲಿ ಗೆಲ್ಲಿಸಿದವರು ಅಲ್ಲಿನ ನಿಸಾನ್ ಶಾಖೆಯ ಮುಖ್ಯಸ್ಥ ಯುಟಾಕಾ ಕಟಾಯಾಮಾ. ಜಪಾನಿನಲ್ಲಿ ಅದರ ಹೆಸರು 'ಫೇರ್‌ಲೇಡಿ'. ಆ ಹೆಸರು ಅಮೆರಿಕದ ಗಂಡಸರಿಗೆ ಹಿಡಿಸದೆಂದು ಕಟಾಯಾಮಾ ಅದನ್ನು ತೆಗೆಸಿ 240ಝೆಡ್ ಎಂಬ ಫಲಕವನ್ನು ಹಾಕಿಸಿದರು. ಆರು ಸಿಲಿಂಡರಿನ 2393 ಸಿ.ಸಿ. ಎಂಜಿನ್, 3,526 ಡಾಲರ್ ಬೆಲೆ. ಜಾಗ್ವಾರ್, ಪೋರ್ಷೆಗಳನ್ನು ದೂರದಿಂದ ನೋಡಿ ನಿಟ್ಟುಸಿರಿಡುತ್ತಿದ್ದ ಸಂಬಳದಾರರಿಗೆ ಇದು ಕೈಗೆಟುಕಿತು.

ಅದೇ ವಂಶದ 280ಝೆಡ್ಎಕ್ಸ್ ಎಂಬ ಕಾರಿಗೆ 1981ರಲ್ಲಿ ಅಮೆರಿಕದಲ್ಲಿ ಟರ್ಬೋ ಬಂತು. 2753 ಸಿ.ಸಿ., 180 ಅಶ್ವಶಕ್ತಿ. ಹಳೆಯ 240ಝೆಡ್‌ನದು 151 ತಾನೇ, ಹೆಚ್ಚಳ ಬರೀ 29 ಎಂದು ಲೆಕ್ಕ ಹಾಕಬೇಡಿ. ಆ 151 ಹಳೆಯ ಗ್ರಾಸ್ ಪದ್ಧತಿಯ ಅಂಕಿ, ಎಂದರೆ ಎಂಜಿನ್ನಿಗೆ ಅಂಟಿಕೊಂಡ ಹೊರೆಗಳನ್ನೆಲ್ಲ ಕಳಚಿಟ್ಟು ಅಳೆದದ್ದು. 180 ಎಂಬುದು ಅವುಗಳ ಸಮೇತ ಅಳೆದದ್ದು. ಏಕಮಾನ ಒಂದೇ ಆದರೂ ಅಳತೆಯ ಕ್ರಮ ಬೇರೆಯಾದರೆ ಹೋಲಿಕೆ ಸಲ್ಲದೆಂದು ನಿಮಗೆ ಎಷ್ಟು ಸಲ ಹೇಳಿದ್ದೇನೆ!

ಬಡವರ ಜಾಣತನಕ್ಕೆ ದಾರಿಯಾದದ್ದು ಇಲ್ಲಿ. ಎರಡೂ ಎಂಜಿನ್ನುಗಳು ಒಂದೇ 'ಎಲ್' ಕುಟುಂಬದವು. ಹೊಸದನ್ನು ಹಳೆಯ ಕಾರಿನ ಹಿಡಿಕೆಗಳ ಮೇಲೆಯೇ ಕೂರಿಸಬಹುದಿತ್ತು. ಕತ್ತರಿಸುವುದು, ಬೆಸೆಯುವುದು ಹೆಚ್ಚಾಗಿ ಬೇಕಿರಲಿಲ್ಲ. ಹಿಮ ಬೀಳುವ ರಾಜ್ಯಗಳಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದರಿಂದ ಝೆಡ್ಎಕ್ಸ್ ಕಾರುಗಳ ಮೈ ತುಕ್ಕು ಹಿಡಿದು ಗುಜರಿ ಸೇರಿದರೂ ಎಂಜಿನ್ ಗಟ್ಟಿಯಾಗಿಯೇ ಉಳಿಯುತ್ತಿತ್ತು. 1300 ಕೆ.ಜಿ.ಗೂ ಮಿಕ್ಕಿದ ಕಾರನ್ನು ಎಳೆಯುತ್ತಿದ್ದ ಎಂಜಿನ್ನನ್ನು ಸುಮಾರು 1050 ಕೆ.ಜಿ.ಯ ಕಾರಿಗೆ ಹಾಕಿದರೆ ಏನಾದೀತೆಂದು ಊಹಿಸಿಕೊಳ್ಳಿ.

ನನ್ನ ಆ ಹಿಂದಿನ ಬೆಂಚಿನ ಹುಡುಗ 2003ರಲ್ಲಿ ಮಿಷಿಗನ್‌ನಲ್ಲಿ ಇದನ್ನೇ ಮಾಡಿದ. ಆಗ ಅವನಿಗೆ ಮನೆಸಾಲ, ಕೈಗೂಸು. ಗುಜರಿಯಿಂದ ಬಿಡಿ ಎಂಜಿನ್ನನ್ನಷ್ಟೇ ತರದೆ ಅಪಘಾತವಾದ ಇಡೀ ಕಾರನ್ನೇ ಕೊಂಡನಂತೆ. ಏಕೆಂದು ಕೇಳಿದೆ. "ವೈರಿಂಗಿಗೋಸ್ಕರ ಸಾರ್. ಎಂಜಿನ್ ಕೂರ್ಸೋಕೆ ಒಂದು ವಾರಾಂತ್ಯ ಸಾಕು, ವೈರುಗಳಿಗೆ ಎರಡು ತಿಂಗಳು ಬೇಕು" ಎಂದ. ಇಂಧನವನ್ನು ಅಳೆದು ಚಿಮುಕಿಸುವ ಕಂಪ್ಯೂಟರ್ ಪೆಟ್ಟಿಗೆ, ಗಾಳಿಯನ್ನು ಅಳೆಯುವ ಪೆಟ್ಟಿಗೆ, ಅವುಗಳ ನಡುವಿನ ತಂತಿಗಳು ಒಂದೇ ಕಾರಿನಿಂದ ಬಂದರೆ ಕ್ಷೇಮ. ಹಳೆಯ ಕಾರಿನ ಪೆಟ್ರೋಲ್ ಪಂಪು ಕಾರ್ಬ್ಯುರೇಟರಿಗೆ ತಕ್ಕದ್ದು. ಹೆಚ್ಚು ಒತ್ತಡದ ವಿದ್ಯುತ್ ಪಂಪನ್ನು ಹಾಕಲೇಬೇಕು. ಟರ್ಬೋವಿನ ಅಚ್ಚು ನಿಮಿಷಕ್ಕೆ ಲಕ್ಷ ಸುತ್ತು ಮೀರಬಲ್ಲದು. ಅದರ ಆಯಿಲ್ ಕೊಳವೆಯಲ್ಲಿ ಕಸ ಸಿಕ್ಕಿದರೆ ಎಲ್ಲವೂ ಮುಗಿದಂತೆ. ಮಾರಬಹುದಾದ ಉಳಿದ ಭಾಗಗಳನ್ನು ಮಾರಿ ಖರ್ಚಿನ ಬಹುಪಾಲನ್ನು ಹಿಂದಕ್ಕೆ ಪಡೆದನಂತೆ. ಅದು ಅವನ ತಂದೆಯ ವಿದ್ಯೆ, ನನ್ನದಲ್ಲ.

"ಹಳೇ ಎಂಜಿನ್ನಿಗೇ ಟರ್ಬೋ ಹಾಕಿದ್ರೆ ಆಗ್ತಿರ್ಲಿಲ್ವೇ?" ಎಂದು ಕೇಳಿದೆ. ಹಳೆಯದರ ಒತ್ತುವಿಕೆಯ ಅನುಪಾತ 9ಕ್ಕೆ 1. ಟರ್ಬೋ ಎಂಜಿನ್ನಿನದು 7.4ಕ್ಕೆ 1. ಗಾಳಿಯನ್ನು ಮೊದಲೇ ಒತ್ತಿ ತುಂಬುವುದರಿಂದ ಸಿಲಿಂಡರಿನೊಳಗೆ ಅಷ್ಟು ಒತ್ತಿದರೆ ನಾಕಿಂಗ್ ತಪ್ಪದು. ಜೆಟ್‌ಫೈರಿನ ಅನುಪಾತ 10.25 ಇತ್ತು, ಅದಕ್ಕೇ ಆ ದ್ರವದ ಫಜೀತಿ. ಇದನ್ನು ಅವನು ನನಗೆ ವಿವರಿಸಿದ. ನಾನು ನೋಟ್ಸ್ ಬರೆದುಕೊಂಡೆ.

ಮೂಲರೂಪವನ್ನು ಕೆಡಿಸುವುದು ಅಪಚಾರವೆನ್ನುವವರೂ ಇದ್ದಾರೆ. ಅವರ ಮಾತಿಗೆ ಈಗ ಬೆಲೆಯೂ ಬಂದಿದೆ: 2020ರ ಜನವರಿಯಲ್ಲಿ ಮೂಲಸ್ಥಿತಿಯ 1971ರ 240ಝೆಡ್ ಒಂದು ಹರಾಜಿನಲ್ಲಿ 3,10,000 ಡಾಲರಿಗೆ ಹೋಯಿತು. ಆದರೂ ನನ್ನ ಮನಸ್ಸು ಹುಡುಗನ ಕಡೆಗೇ ವಾಲುತ್ತದೆ. ಸಂಬಳದಾರರು ಓಡಿಸಲೆಂದು ಹುಟ್ಟಿದ ಕಾರನ್ನು ಒಬ್ಬ ಸಂಬಳದಾರ ತನ್ನ ಶಕ್ತಿಗೆ ತಕ್ಕಂತೆ ಓಡುವಂತೆ ಮಾಡಿಕೊಂಡ.

ಅವನು ಹಳೆಯ ಎಂಜಿನ್ನನ್ನು ಮಾತ್ರ ಮಾರಲಿಲ್ಲ. ಆ ಕಾರುಗಳಲ್ಲಿ ಬಾನೆಟ್ಟಿನ ಕೆಳಗಿನ ತಗಡಿನ ಮೇಲೆ ಮೂಲ ಎಂಜಿನ್ನಿನ ಸಂಖ್ಯೆಯನ್ನೂ ಅಚ್ಚೊತ್ತಿರುತ್ತಾರೆ. ಅದೇ ಸಂಖ್ಯೆಯ ಎಂಜಿನ್ ಅವನ ಗ್ಯಾರೇಜಿನ ಮೂಲೆಯಲ್ಲಿ, ಎಣ್ಣೆ ಸವರಿ ಹಳೆಯ ಜಮಖಾನದಲ್ಲಿ ಸುತ್ತಿಟ್ಟದ್ದು, ಹಾಗೆಯೇ ಇದೆ. ಜಮಖಾನ ಊರಿನದು, ತಂದೆ ತೀರಿಹೋದಾಗ ಬಂದವನು ಗ್ಯಾರೇಜಿನಿಂದ ತೆಗೆದುಕೊಂಡು ಹೋಗಿದ್ದನಂತೆ.