ಹೃದಯದ ಕಥೆಗಳು, ಭಾಗ 5: ನಾಳ ಕಟ್ಟಿದರು, ಮಗು ಉಳಿಯಿತು

ಹಾಲು ಕುಡಿಯೋವಾಗ ಮೂರು ತಿಂಗಳ ಮಗು ಬೆವರುತ್ತೆ, ಬಿಳಿಚಿಕೊಳ್ಳುತ್ತೆ, ನೋವಿಂದ ಚೀರುತ್ತೆ. ಹೊಟ್ಟೆನೋವು ಇರಬೇಕು ಅಂತೀವಿ, ಅಲ್ವಾ?

1933ರಲ್ಲಿ ಅಮೆರಿಕದ ಬಾಸ್ಟನ್‌ನ ವೈದ್ಯರಾದ ಬ್ಲಾಂಡ್, ವೈಟ್ ಮತ್ತು ಗಾರ್ಲಂಡ್ ಇಂಥದ್ದೇ ಒಂದು ಮಗುವಿನ ಬಗ್ಗೆ ಬರೆದರು. ಅದರ ಇಸಿಜಿ ಹೃದಯಾಘಾತವಾದ ದೊಡ್ಡವರ ಇಸಿಜಿ ಥರ ಇತ್ತು! ಮಗು ಉಳಿಯಲಿಲ್ಲ. ಕಾರಣ ಗೊತ್ತಾಗಿದ್ದು ಆಮೇಲೆ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ಎಡ ಕೊರೊನರಿ ನಾಳ ಮಹಾಪಧಮನಿಯಿಂದ ಹುಟ್ಟಬೇಕು. ಈ ಮಗುವಿನಲ್ಲಿ ಅದು ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳದಿಂದ ಹುಟ್ಟಿತ್ತು.

ಹಾಗಾದ್ರೆ ಹೃದಯಕ್ಕೆ ಸಿಗ್ತಿರೋದು ಆಮ್ಲಜನಕ ಕಡಿಮೆ ಇರೋ ರಕ್ತ, ಅದೇ ಸಮಸ್ಯೆ ಅಂತ ಹಲವರು ಅಂದುಕೊಂಡರು. ಅದಕ್ಕೇ 1950ರ ದಶಕದಲ್ಲಿ ಕೆಲವು ಸರ್ಜನ್‌ಗಳು ಶ್ವಾಸಕೋಶದ ನಾಳದಲ್ಲಿ ಒತ್ತಡ ಅಥವಾ ಆಮ್ಲಜನಕ ಹೆಚ್ಚಿಸಲು ನೋಡಿದರು.

ಆದರೆ 1885ರಲ್ಲೇ ಡಬ್ಲಿನ್‌ನ ಬ್ರೂಕ್ಸ್, ಶವಗಳನ್ನು ಪರೀಕ್ಷಿಸಿ, ಇಲ್ಲಿ ರಕ್ತ ಉಲ್ಟಾ ಹರಿಯುತ್ತಿರಬೇಕು ಎಂದು ಊಹಿಸಿದ್ದರು.

ಜೀವಂತ ಮಗುವಿನಲ್ಲಿ ಅದನ್ನು ತೋರಿಸಿದವರು ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನ ಸಬಿಸ್ಟನ್, ನೀಲ್ ಮತ್ತು ಹೆಲೆನ್ ಟೌಸಿಗ್. ಅವರ ವರದಿ ಬಂದದ್ದು 1960ರಲ್ಲಿ. ಆಪರೇಷನ್ ಮಧ್ಯೆ ಆ ನಾಳವನ್ನು ಬುಡದಲ್ಲಿ ಅದುಮಿ ಹಿಡಿದರು. ರಕ್ತ ಅಲ್ಲಿಂದ ಒಳಗೆ ಬರ್ತಿದ್ರೆ ನಾಳದೊಳಗಿನ ಒತ್ತಡ ಇಳಿಯಬೇಕಿತ್ತು. ಆದರೆ ಏರಿತು! ಒಳಗಿದ್ದದ್ದು ಆಮ್ಲಜನಕ ತುಂಬಿದ ಕೆಂಪು ರಕ್ತ.

ಅಂದ್ರೆ ಬಲ ಕೊರೊನರಿಯಿಂದ ಸಣ್ಣ ಕವಲುಗಳ ಮೂಲಕ ಬಂದ ಒಳ್ಳೆಯ ರಕ್ತ, ಸ್ನಾಯುವಿಗೆ ದಕ್ಕದೆ ಶ್ವಾಸಕೋಶದ ನಾಳಕ್ಕೆ ಸೋರಿಹೋಗುತ್ತಿತ್ತು. ಹುಟ್ಟಿದ ಮೇಲೆ ಆ ನಾಳದ ಒತ್ತಡ ಇಳಿಯುತ್ತಲ್ಲ, ಸೋರಿಕೆ ಶುರುವಾಗೋದು ಆಗಲೇ. ಸಬಿಸ್ಟನ್ ನಾಳವನ್ನು ಬುಡದಲ್ಲೇ ಕಟ್ಟಿದರು. ಮಗು ಬದುಕಿತು.

ಆದರೂ ಇಡೀ ಹೃದಯ ಒಂದೇ ಕೊರೊನರಿ ನಂಬಿ ಬದುಕಬೇಕಿತ್ತು. ಎರಡನೆಯದನ್ನು ವಾಪಸ್ ಕೊಡೋ ದಾರಿಗಳು ಒಂದೊಂದಾಗಿ ಬಂದವು. 1966ರಲ್ಲಿ ಕೂಲಿ ಕಾಲಿನ ರಕ್ತನಾಳ ತೆಗೆದು ಬೈಪಾಸ್ ಮಾಡಿದ್ದನ್ನು ವರದಿ ಮಾಡಿದರು. 1974ರಲ್ಲಿ ನೆಚೆಸ್ ತಂಡ ನಾಳವನ್ನೇ ಮಹಾಪಧಮನಿಗೆ ಹೊಲಿದದ್ದನ್ನು ಪ್ರಕಟಿಸಿತು. 1979ರಲ್ಲಿ ಟಕೇಉಚಿ ಶ್ವಾಸಕೋಶದ ನಾಳದೊಳಗೇ ಸುರಂಗ ಕಟ್ಟುವ ವಿಧಾನ ಕೊಟ್ಟರು. ಈಗ ಸಾಮಾನ್ಯವಾಗಿ ನಾಳದ ಬುಡವನ್ನು ಗುಂಡಿಯಂತೆ ಕತ್ತರಿಸಿ, ನೇರ ಮಹಾಪಧಮನಿಗೇ ಹೊಲಿಯುತ್ತಾರೆ. ಸಕಾಲಕ್ಕೆ ಆದರೆ ಸೊರಗಿದ ಸ್ನಾಯು ಎಷ್ಟೋ ಸಲ ಚೇತರಿಸಿಕೊಳ್ಳುತ್ತೆ.

ಊಹೆಯಿಂದ ಪುರಾವೆಗೆ 75 ವರ್ಷ ಬೇಕಾಯ್ತು. ಮನೇಲಿ ಯಾವುದಾದ್ರೂ ಕೂಸು ಹಾಲು ಕುಡಿಯೋವಾಗ ಬೆವರಿ ಏದುಸಿರು ಬಿಟ್ರೆ, ಹೊಟ್ಟೆನೋವು ಅಂತ ಸುಮ್ಮನಾಗಬೇಡಿ. ಡಾಕ್ಟರಿಗೆ ತೋರಿಸಿ.

#ಹೃದಯದಕಥೆಗಳು #ವೈದ್ಯಕೀಯಇತಿಹಾಸ #ಕನ್ನಡದಲ್ಲಿವಿಜ್ಞಾನ