ಹೊರದೇಶದ ತರಗತಿಯಲ್ಲಿ ನೆಲೆನಿಂತ ಬಗೆ: ಉತ್ತರ ಕೊಡಗಿನಿಂದ ಒಂದು ನೋಟ

ಹೊರದೇಶಕ್ಕೆ ಹೋಗಿ ಓದಿ ಬಂದವರ ಚರಿತ್ರೆಯನ್ನು ಅವರು ಪಡೆದ ಪದವಿಗಳ ಮತ್ತು ಮರಳಿದ ಮೇಲೆ ಏರಿದ ಹುದ್ದೆಗಳ ಮೂಲಕ ಹೇಳುವುದು ಕನ್ನಡದಲ್ಲಿ ವಾಡಿಕೆಯಾಗಿದೆ. ಅವರು ಅಲ್ಲಿ ಎಲ್ಲಿ ತಂಗಿದರು, ಏನನ್ನು ಉಂಡರು, ಅಪರಿಚಿತ ಪಾಠಕ್ರಮಕ್ಕೆ ಹೇಗೆ ಒಗ್ಗಿಕೊಂಡರು, ಕಷ್ಟ ಬಂದಾಗ ಯಾರ ಬಳಿಗೆ ಹೋದರು ಎಂಬ ಪ್ರಶ್ನೆಗಳನ್ನು ಕೇಳಿದವರು ಕಡಿಮೆ. ಕೊಡಗಿನ ಕಳೆದ ನೂರೆಪ್ಪತ್ತು ವರ್ಷಗಳ ಅನುಭವವನ್ನು ಈ ಪ್ರಶ್ನೆಗಳೊಂದಿಗೆ ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವಸತಿ, ಊಟ, ಹಣ, ಒಡನಾಟಗಳ ಏರ್ಪಾಡು ಇದ್ದಲ್ಲಿ ವಿದ್ಯಾರ್ಥಿಯು ಪರನಾಡಿನಲ್ಲಿ ದಿನಗಳನ್ನು ಕಳೆಯಬಲ್ಲನಾದರೂ, ತನ್ನ ನೆಲದ ಅರಿವನ್ನು ಅಲ್ಲಿನ ತರಗತಿಗೆ ಒಯ್ಯಲು ಸಾಧ್ಯವಾದಾಗಲೇ ಅವನು ಅಲ್ಲಿ ನಿಜವಾಗಿ ನೆಲೆನಿಲ್ಲುತ್ತಾನೆ.

ಇಂದು ಕೊಡಗಿನ ಸೋಮವಾರಪೇಟೆ ತಾಲ್ಲೂಕಿಗೆ ಸೇರಿದ ಹೋಬಳಿ ಕೇಂದ್ರವಾದ ಕೊಡ್ಲಿಪೇಟೆಯು ಜಿಲ್ಲೆಯ ಉತ್ತರದ ಅಂಚಿನಲ್ಲಿದೆ. ಶನಿವಾರಸಂತೆಯನ್ನೂ ಒಳಗೊಂಡ ಈ ಭಾಗಕ್ಕೆ ಏಳುಸಾವಿರ ಸೀಮೆ ಎಂಬ ಹಳೆಯ ಹೆಸರಿದ್ದು, ಹಾಸನ ಜಿಲ್ಲೆಯ ಸಕಲೇಶಪುರ, ಅರಕಲಗೂಡುಗಳು ಇಲ್ಲಿಗೆ ಮಡಿಕೇರಿಗಿಂತ ಹತ್ತಿರ. ಕನ್ನಡವೇ ಮನೆಮಾತಾಗಿರುವ ಲಿಂಗಾಯತ ಕುಟುಂಬಗಳು ಇಲ್ಲಿ ಗಣನೀಯ ಸಂಖ್ಯೆಯಲ್ಲಿದ್ದು, ಕಿರಿಕೊಡ್ಲಿ ಮಠದಂಥ ಧಾರ್ಮಿಕ ಕೇಂದ್ರಗಳು ಜನಜೀವನದೊಂದಿಗೆ ಬೆಸೆದುಕೊಂಡಿವೆ. ಈ ಊರಿನ ವಿದ್ಯಾರ್ಥಿಗೆ ಓದಿಗಾಗಿ ಮನೆ ಬಿಡುವುದು ಕಡಲು ದಾಟುವುದಕ್ಕೆ ಬಹಳ ಮೊದಲೇ ಆರಂಭವಾಗುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಕೊಡಗಿನ ಇಂಗ್ಲಿಷ್ ಶಿಕ್ಷಣದ ಮುಖ್ಯ ಕೇಂದ್ರ ಮಡಿಕೇರಿಯ ಸರ್ಕಾರಿ ಶಾಲೆಯಾಗಿತ್ತು. 1870ರಲ್ಲಿ ಕೊಡಗಿನ ಕೈಪಿಡಿಯನ್ನು ಪ್ರಕಟಿಸಿದ ಬಾಸೆಲ್ ಮಿಷನ್ನಿನ ಜಿ. ರಿಕ್ಟರ್ ಅಲ್ಲಿ ಮುಖ್ಯಸ್ಥರಾಗಿದ್ದರು. ಪದವಿ ಕಾಲೇಜು ಮಡಿಕೇರಿಗೆ ಬಂದದ್ದು 1949ರಲ್ಲಿ. ಅದಕ್ಕೆ ಮುಂಚೆ ಪದವಿ ಬೇಕೆಂದವರು ಮಂಗಳೂರು, ಮೈಸೂರು, ಬೆಂಗಳೂರು ಅಥವಾ ಮದರಾಸಿಗೆ ಹೋಗಲೇಬೇಕಿತ್ತು. ಹೀಗಾಗಿ ಬಾಡಿಗೆಯ ಕೋಣೆ, ಅನ್ಯರ ಅಡುಗೆ, ಅನ್ಯ ಭಾಷೆಯ ಪಾಠಗಳ ಮೊದಲ ಪರಿಚಯ ಘಟ್ಟದ ಕೆಳಗೋ ಮೈಸೂರಿನಲ್ಲೋ ಆಗುತ್ತಿತ್ತು.

ಶಿಕ್ಷಣದ ಉದ್ದೇಶದಿಂದ ಇಂಗ್ಲೆಂಡಿಗೆ ಹೋದ ಕೊಡಗಿನ ಸಂಬಂಧಿಗಳಲ್ಲಿ ಅತ್ಯಂತ ಹಿಂದಿನ ಪ್ರಸಿದ್ಧ ಉದಾಹರಣೆ ಹಾಲೇರಿ ರಾಜಮನೆತನದ ಗೌರಮ್ಮನದು. ಲಿಂಗಾಯತ ಮತಸ್ಥರಾಗಿದ್ದ ಈ ಮನೆತನದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಕಾಶಿಯಲ್ಲಿ ನೆಲೆಸಬೇಕಾಗಿ ಬಂದ ಅವನಿಗೆ 1841ರಲ್ಲಿ ಅಲ್ಲಿಯೇ ಗೌರಮ್ಮ ಹುಟ್ಟಿದಳು. ಕಂಪನಿಯಿಂದ ತನಗೆ ಬರಬೇಕೆಂದು ವಾದಿಸುತ್ತಿದ್ದ ಹಣದ ವ್ಯಾಜ್ಯವನ್ನೂ, ಮಗಳಿಗೆ ಯುರೋಪಿನ ಶಿಕ್ಷಣ ಕೊಡಿಸುವ ಇಚ್ಛೆಯನ್ನೂ ಹೊತ್ತು ಅವನು 1852ರಲ್ಲಿ ಅವಳೊಂದಿಗೆ ಇಂಗ್ಲೆಂಡಿಗೆ ಹೋದನು. ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಬಾಲಕಿಗೆ ಕ್ರೈಸ್ತ ದೀಕ್ಷೆ ನೀಡಲಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯ ಸ್ಥಾನದಲ್ಲಿ ನಿಂತು ತನ್ನ ಹೆಸರನ್ನು ಅವಳಿಗೆ ಕೊಟ್ಟಳು.

ಗೌರಮ್ಮನಿಗೆ ವಸತಿಗೂ ಹಣಕ್ಕೂ ಶಿಕ್ಷಕರಿಗೂ ಕೊರತೆಯಿರಲಿಲ್ಲ. ಮೊದಲು ಡ್ರಮಂಡ್ ದಂಪತಿಗಳ, ಅನಂತರ ಲಾಗಿನ್ ದಂಪತಿಗಳ ಪಾಲನೆಯಲ್ಲಿ ಅವಳನ್ನು ಇಂಗ್ಲಿಷ್ ಕುಲೀನ ಕನ್ಯೆಯಂತೆ ಬೆಳೆಸಲಾಯಿತು. ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಭಾವಚಿತ್ರವನ್ನು ರಚಿಸಿದನು. ಆದರೆ ಈ ಏರ್ಪಾಡಿನ ತಳಹದಿಯೇ ಅವಳನ್ನು ತನ್ನವರಿಂದ ಬೇರ್ಪಡಿಸುವುದಾಗಿತ್ತು. ತಂದೆಯ ಭೇಟಿಗೂ ನಿರ್ಬಂಧಗಳಿದ್ದವು, ಮತ ಮತ್ತು ಹೆಸರುಗಳು ಬದಲಾಗಿದ್ದವು, ಹುಟ್ಟಿನಿಂದ ಬಂದ ಯಾವ ಸಂಸ್ಕಾರಕ್ಕೂ ಅವಳ ಪಾಠದಲ್ಲಿ ಸ್ಥಳವಿರಲಿಲ್ಲ. 1859ರಲ್ಲಿ ತಂದೆ ಲಂಡನ್ನಿನಲ್ಲಿ ತೀರಿಕೊಂಡನು; ಮರುವರ್ಷ ಸೇನಾಧಿಕಾರಿ ಜಾನ್ ಕ್ಯಾಂಬೆಲ್ ಎಂಬಾತನನ್ನು ವಿವಾಹವಾದ ಗೌರಮ್ಮ 1864ರಲ್ಲಿ ಇಪ್ಪತ್ತೆರಡು ವರ್ಷದ ಎಳೆಯ ಪ್ರಾಯದಲ್ಲಿ ಅಸುನೀಗಿದಳು. ಪರದೇಶಕ್ಕೆ ಒಗ್ಗಿಕೊಳ್ಳಲು ಸ್ವಂತದ್ದೆಲ್ಲವನ್ನೂ ತೊರೆಯಬೇಕೆಂಬ ಷರತ್ತು ಒಂದು ಮಗುವಿನ ಮೇಲೆ ಬಿದ್ದಾಗ ಏನಾಗುತ್ತದೆಂಬುದಕ್ಕೆ ಅವಳ ಬಾಳು ನೋವಿನ ಸಾಕ್ಷಿಯಾಗಿದೆ.

1869ರಲ್ಲಿ ಸೂಯೆಜ್ ಕಾಲುವೆ ತೆರೆದು ಉಗಿಹಡಗಿನ ಪ್ರಯಾಣ ಸುಲಭವಾದ ಮೇಲೆ ಇಂಗ್ಲೆಂಡಿನಲ್ಲಿ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ ಬೆಳೆಯಿತು. ಆದರೂ ಸಮುದ್ರಯಾನದಿಂದ ಜಾತಿ ಕೆಡುತ್ತದೆಂಬ ನಂಬಿಕೆ ಹಲವು ಸಮುದಾಯಗಳಲ್ಲಿ ಗಟ್ಟಿಯಾಗಿತ್ತು. ಕರಾವಳಿಯ ಸಾರಸ್ವತ ಸಮಾಜದಲ್ಲಿ ವಿಲಾಯಿತಿಗೆ ಹೋಗಿ ಬಂದವರನ್ನು ಮತ್ತೆ ಪಂಕ್ತಿಗೆ ಸೇರಿಸಿಕೊಳ್ಳಬೇಕೇ ಎಂಬ ವಿವಾದ ತೀವ್ರವಾಗಿ ನಡೆಯಿತು. ಲಂಡನ್ನಿನಲ್ಲಿಯೂ ಸಮಸ್ಯೆಗಳು ಕಡಿಮೆಯಿರಲಿಲ್ಲ. ಬಣ್ಣದ ಕಾರಣದಿಂದ ಕೋಣೆ ಕೊಡಲು ಒಲ್ಲದ ಮನೆಯೊಡತಿಯರಿದ್ದರು. 1909ರಲ್ಲಿ ಭಾರತೀಯ ವಿದ್ಯಾರ್ಥಿಯೊಬ್ಬನಿಂದ ಬ್ರಿಟಿಷ್ ಅಧಿಕಾರಿ ಕರ್ಜನ್ ವೈಲಿಯ ಹತ್ಯೆ ನಡೆದ ಮೇಲಂತೂ ಬ್ರಿಟಿಷ್ ಸರ್ಕಾರ ಭಾರತೀಯ ವಿದ್ಯಾರ್ಥಿಗಳನ್ನು ಸಂಶಯದಿಂದಲೇ ನೋಡತೊಡಗಿತು. 1910ರಲ್ಲಿ ಕ್ರಾಮ್‌ವೆಲ್ ರಸ್ತೆಯ 21ನೇ ಸಂಖ್ಯೆಯ ಕಟ್ಟಡದಲ್ಲಿ ವಿದ್ಯಾರ್ಥಿಗಳಿಗೆ ಮಾಹಿತಿ ನೀಡುವ ಕಚೇರಿಯನ್ನೂ ತಾತ್ಕಾಲಿಕ ವಸತಿಯನ್ನೂ ಏರ್ಪಡಿಸಲಾಯಿತಾದರೂ, ಸಹಾಯದ ಜೊತೆಗೆ ಕಣ್ಗಾವಲೂ ಇದೆಯೆಂದು ಭಾವಿಸಿದ ಅನೇಕ ತರುಣರು ಅದರಿಂದ ದೂರ ಉಳಿದರು. ವೈಎಂಸಿಎ ಸಂಸ್ಥೆಯು 1920ರಲ್ಲಿ ಆರಂಭಿಸಿದ ಭಾರತೀಯ ವಿದ್ಯಾರ್ಥಿ ನಿಲಯ ಹೆಚ್ಚು ವಿಶ್ವಾಸ ಗಳಿಸಿತು. ಭಾರತದ ಬೇರೆ ಬೇರೆ ಪ್ರಾಂತಗಳಿಂದ ಬಂದವರು ಒಂದೇ ಸೂರಿನಡಿ ಉಂಡು, ಚರ್ಚಿಸಿ, ಹೊಸಬರಿಗೆ ದಾರಿ ತೋರುವ ವ್ಯವಸ್ಥೆ ಅಲ್ಲಿ ರೂಪುಗೊಂಡಿತು.

ಹೊರಡುವ ಮೊದಲೇ ವಿದ್ಯಾರ್ಥಿಯನ್ನು ಸಿದ್ಧಗೊಳಿಸುವ ಇನ್ನೊಂದು ಬಗೆಯ ಏರ್ಪಾಡನ್ನು ಸೈನ್ಯದ ಶಿಕ್ಷಣದಲ್ಲಿ ಕಾಣಬಹುದು. ಬ್ರಿಟಿಷ್ ಸೇನೆಯ ಅಧಿಕಾರಿಗಳನ್ನು ತರಬೇತುಗೊಳಿಸುವ ಸ್ಯಾಂಡ್‌ಹರ್ಸ್ಟ್ ಕಾಲೇಜಿನಲ್ಲಿ ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ವರ್ಷಕ್ಕೆ ಹತ್ತು ಸ್ಥಾನಗಳನ್ನು ಭಾರತೀಯರಿಗೆ ಮೀಸಲಿಡಲಾಯಿತು. ಅಲ್ಲಿಗೆ ಹೋದ ಮೊದಮೊದಲ ತಂಡಗಳಲ್ಲಿ ಹಲವರು ಅನುತ್ತೀರ್ಣರಾದರು. ಇಂಗ್ಲಿಷ್ ವಸತಿಶಾಲೆಯ ದಿನಚರಿ ಅವರಿಗೆ ಅಪರಿಚಿತವಾಗಿದ್ದುದು ಇದಕ್ಕೆ ಮುಖ್ಯ ಕಾರಣವೆಂದು ತಿಳಿದು, 1922ರಲ್ಲಿ ಡೆಹ್ರಾಡೂನಿನಲ್ಲಿ ಪೂರ್ವಸಿದ್ಧತೆಯ ಮಿಲಿಟರಿ ಕಾಲೇಜನ್ನು ತೆರೆಯಲಾಯಿತು. 1906ರಲ್ಲಿ ಮಡಿಕೇರಿಯಲ್ಲಿ ಜನಿಸಿದ, ಮುಂದೆ ಭಾರತದ ಭೂಸೇನೆಯ ಮುಖ್ಯಸ್ಥರಾದ ಕೆ. ಎಸ್. ತಿಮ್ಮಯ್ಯನವರು ಕೂನೂರು, ಬೆಂಗಳೂರುಗಳಲ್ಲಿ ಓದಿ, ಈ ಕಾಲೇಜಿನ ಆರಂಭದ ತಂಡದಲ್ಲಿ ಕಲಿತು, ಅಲ್ಲಿಂದ ಸ್ಯಾಂಡ್‌ಹರ್ಸ್ಟಿಗೆ ಹೋಗಿ 1926ರಲ್ಲಿ ಸೇನಾಧಿಕಾರಿಯ ನೇಮಕ ಪಡೆದರು. ಮೆಟ್ಟಿಲು ಮೆಟ್ಟಿಲಾಗಿ ಮನೆಯಿಂದ ದೂರ ಸಾಗಿದ ಅವರ ಶಿಕ್ಷಣಕ್ರಮವು ನೆಲೆಗೊಳ್ಳುವುದೂ ಕಲಿಸಬಹುದಾದ ವಿದ್ಯೆಯೆಂಬುದನ್ನು ತೋರಿಸುತ್ತದೆ. ಆದರೆ ಅಲ್ಲಿಯೂ ಒಗ್ಗಬೇಕಾದವನು ವಿದ್ಯಾರ್ಥಿಯೇ, ಬದಲಾಗದೆ ಉಳಿದದ್ದು ಕಾಲೇಜು.

ವಿಶ್ವವಿದ್ಯಾನಿಲಯದ ತರಗತಿಯ ತೊಡಕು ಬೇರೆಯದು. ಅಂದಿನ ಮೈಸೂರು, ಮದರಾಸು, ಮುಂಬಯಿಗಳಲ್ಲಿ ಅಧ್ಯಾಪಕರ ಉಪನ್ಯಾಸವನ್ನು ಬರೆದುಕೊಂಡು ವರ್ಷದ ಕೊನೆಯಲ್ಲಿ ಪರೀಕ್ಷೆ ಬರೆಯುವುದು ಓದಿನ ಕ್ರಮವಾಗಿತ್ತು. ಆಕ್ಸ್‌ಫರ್ಡಿನಲ್ಲಿ ಎಂಟೆಂಟು ವಾರಗಳ ಮೂರು ಅವಧಿಗಳಲ್ಲಿ ವರ್ಷದ ಪಾಠ ಮುಗಿಯುತ್ತಿತ್ತು. ಟ್ಯುಟೋರಿಯಲ್ ಎಂಬ ಪದ್ಧತಿಯಂತೆ ವಿದ್ಯಾರ್ಥಿಯು ವಾರಕ್ಕೊಂದು ಪ್ರಬಂಧ ಬರೆದು ಗುರುವಿನ ಮುಂದೆ ಓದಿ, ಅವರ ಪ್ರಶ್ನೆಗಳಿಗೆ ತನ್ನ ವಾದವನ್ನು ಸಮರ್ಥಿಸಿಕೊಳ್ಳಬೇಕಿತ್ತು. ಗುರುವಿನ ಮಾತನ್ನು ಎದುರಿಸುವುದು ಅವಿನಯವೆಂದು ಕಲಿತು ಬಂದವನಿಗೆ ಇದು ಚಳಿ ಮಳೆಗಳಿಗಿಂತಲೂ ಕಠಿಣವಾದ ಒಗ್ಗಿಕೆಯಾಗಿತ್ತು. 1930ರ ದಶಕದಲ್ಲಿ ಅಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿ ಪ್ರಥಮ ದರ್ಜೆ ಪಡೆದ ವಿ. ಕೃ. ಗೋಕಾಕರು ಈ ಪರೀಕ್ಷೆಯನ್ನು ಗೆದ್ದರಷ್ಟೇ ಅಲ್ಲದೆ, ಕಡಲಯಾನದ ಅನುಭವವನ್ನು ‘ಸಮುದ್ರ ಗೀತೆಗಳು’ ಸಂಕಲನದ ಮೂಲಕ ಕನ್ನಡ ಕಾವ್ಯಕ್ಕೂ ತಂದರು.

ಕೊಡಗಿನ ದೃಷ್ಟಿಯಿಂದ ಇದಕ್ಕಿಂತ ಮಹತ್ವದ ಪ್ರಸಂಗ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರದು. ಮುಂಬಯಿಯಲ್ಲಿ ಜಿ. ಎಸ್. ಘುರ್ಯೆಯವರ ಶಿಷ್ಯರಾಗಿ 1940ರ ದಶಕದ ಆರಂಭದಲ್ಲಿ ಕೊಡಗಿನಲ್ಲಿ ಕ್ಷೇತ್ರಕಾರ್ಯ, ಅಂದರೆ ಜನರ ನಡುವೆ ಇದ್ದು ಮಾಹಿತಿ ಸಂಗ್ರಹಿಸುವ ಕೆಲಸ, ನಡೆಸಿದ್ದ ಅವರು ಆ ಸಾಮಗ್ರಿಯೊಂದಿಗೆ 1945ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಎರಡನೆಯ ಮಹಾಯುದ್ಧ ಮುಗಿದಿದ್ದರೂ ಬ್ರಿಟನ್ನಿನಲ್ಲಿ ಆಹಾರದ ಪಡಿತರ ಮುಂದುವರಿದಿತ್ತು. ಯುದ್ಧಕಾಲದಲ್ಲೂ ಮುಕ್ತವಾಗಿದ್ದ ಬ್ರೆಡ್ಡಿಗೆ 1946ರಲ್ಲಿ ಪಡಿತರ ಬಂದಿತು, ಒಟ್ಟು ವ್ಯವಸ್ಥೆ ಕೊನೆಗೊಂಡದ್ದು 1954ರಲ್ಲಿ. ಇಂಥ ಕಾಲದಲ್ಲಿ ಶ್ರೀನಿವಾಸರು ಮೊದಲು ಮಾನವಶಾಸ್ತ್ರಜ್ಞ ರಾಡ್‌ಕ್ಲಿಫ್-ಬ್ರೌನ್, ಅವರು ನಿವೃತ್ತರಾದ ಮೇಲೆ ಇವಾನ್ಸ್-ಪ್ರಿಚರ್ಡ್ ಅವರ ಮಾರ್ಗದರ್ಶನದಲ್ಲಿ ತಾವು ತಂದಿದ್ದ ವಿವರಗಳನ್ನೇ ಹೊಸದಾಗಿ ವಿಶ್ಲೇಷಿಸಿ 1947ರಲ್ಲಿ ಡಾಕ್ಟರೇಟ್ ಪಡೆದರು. ಗುರುಗಳ ಸಿದ್ಧಾಂತ ಹೊಸದಾಗಿದ್ದರೂ ವಸ್ತು ಅವರ ಸ್ವಂತದ್ದಾಗಿತ್ತು: ಒಂದೇ ಮೂಲಪುರುಷನ ಗಂಡುಸಂತತಿಯ ಕುಟುಂಬವಾದ ಒಕ್ಕ, ಕೊಡವರ ಮಂಗಲಕಾರ್ಯಗಳು, ಲಿಂಗಾಯತ ಅರಸರ ಆಳ್ವಿಕೆ ಬಿಟ್ಟುಹೋದ ಪ್ರಭಾವಗಳು. 1952ರಲ್ಲಿ ಆಕ್ಸ್‌ಫರ್ಡಿನ ಕ್ಲಾರೆಂಡನ್ ಮುದ್ರಣಾಲಯ ಪ್ರಕಟಿಸಿದ ಕೊಡವರ ಧರ್ಮ ಮತ್ತು ಸಮಾಜ ಕುರಿತ ಅವರ ಗ್ರಂಥವು ‘ಸಂಸ್ಕೃತೀಕರಣ’, ಎಂದರೆ ಕೆಳಗಿನ ಜಾತಿಯೊಂದು ಮೇಲಿನ ಜಾತಿಯ ಆಚಾರಗಳನ್ನು ಅನುಸರಿಸಿ ಸ್ಥಾನ ಏರಿಸಿಕೊಳ್ಳುವ ಪ್ರಕ್ರಿಯೆ, ಎಂಬ ಪರಿಕಲ್ಪನೆಯನ್ನು ಜಗತ್ತಿನ ಸಮಾಜಶಾಸ್ತ್ರಕ್ಕೆ ಕೊಟ್ಟಿತು. ಗೌರಮ್ಮ ಇಂಗ್ಲೆಂಡಿಗೆ ಹೋದ ಸರಿಯಾಗಿ ನೂರು ವರ್ಷಗಳ ಅನಂತರ ಕೊಡಗು ಅಲ್ಲಿನ ಅಧ್ಯಯನದ ವಸ್ತುವಾಗಿ, ಕನ್ನಡ ಬಲ್ಲ ವಿದ್ವಾಂಸನ ಕೈಯಿಂದಲೇ ನಿರೂಪಿತವಾಯಿತು.

ಸ್ವಾತಂತ್ರ್ಯಾನಂತರ ವಿದ್ಯಾರ್ಥಿವೇತನಗಳು ಹೆಚ್ಚಿದವು. 1950ರಲ್ಲಿ ಅಮೆರಿಕದೊಂದಿಗೆ ಫುಲ್‌ಬ್ರೈಟ್ ಒಪ್ಪಂದವಾಯಿತು, 1959ರಲ್ಲಿ ಕಾಮನ್‌ವೆಲ್ತ್ ಯೋಜನೆ ರೂಪುಗೊಂಡಿತು. ಈ ಯೋಜನೆಯ ನೆರವಿನಿಂದ ಬರ್ಮಿಂಗ್‌ಹ್ಯಾಮಿಗೆ ಹೋದ ಯು. ಆರ್. ಅನಂತಮೂರ್ತಿಯವರು ಸಂಶೋಧನೆಯ ನಡುವೆಯೇ ‘ಸಂಸ್ಕಾರ’ ಕಾದಂಬರಿಯನ್ನು ಬರೆದದ್ದೂ ದೂರದ ತರಗತಿಯಲ್ಲಿ ತಾಯ್ನೆಲ ಹೆಚ್ಚು ನಿಚ್ಚಳವಾಗಿ ಕಾಣುವುದಕ್ಕೆ ನಿದರ್ಶನ. ಅಮೆರಿಕದ ದಾರಿ ಹಿಡಿದವರು ಅರ್ಧವರ್ಷದ ಸೆಮಿಸ್ಟರ್, ಪ್ರತಿ ವಿಷಯಕ್ಕೂ ನಿಗದಿಯಾದ ಕ್ರೆಡಿಟ್, ಪಾಠ ಹೇಳಿಕೊಟ್ಟು ಶುಲ್ಕ ವಿನಾಯಿತಿ ಪಡೆಯುವ ಸಹಾಯಕ ಹುದ್ದೆ ಮೊದಲಾದ ಹೊಸ ಪದ್ಧತಿಗಳಿಗೆ ಹೊಂದಿಕೊಳ್ಳಬೇಕಾಯಿತು. 1966ರ ಅಪಮೌಲ್ಯದಿಂದ ಡಾಲರಿನ ಬೆಲೆ 4.76 ರೂಪಾಯಿಯಿಂದ 7.50 ರೂಪಾಯಿಗೆ ಏರಿದಾಗ ಮನೆಯಿಂದ ಹಣ ತರಿಸುವ ಆಸೆಯೂ ದುರ್ಬಲವಾಯಿತು. ಸಸ್ಯವಿಜ್ಞಾನಿ ಕೃಷ್ಣಾನಂದ ಕಾಮತರ ‘ನಾನೂ ಅಮೆರಿಕೆಗೆ ಹೋಗಿದ್ದೆ’ ಈ ಬಗೆಯ ವಿದ್ಯಾರ್ಥಿ ಜೀವನವನ್ನು ಕನ್ನಡಿಗರ ಮನೆಮನೆಗೆ ಪರಿಚಯಿಸಿತು.

ನಿತ್ಯಜೀವನದಲ್ಲಿ ಎಲ್ಲರ ಕಷ್ಟವೂ ಒಂದೇ ಆಗಿರಲಿಲ್ಲ. ಮಾಂಸಾಹಾರದ ರೂಢಿಯಿರುವ ಕೊಡವ ವಿದ್ಯಾರ್ಥಿಗಿಂತ ಸಸ್ಯಾಹಾರಿಯಾದ ಲಿಂಗಾಯತ ವಿದ್ಯಾರ್ಥಿಗೆ ಊಟದ ತೊಂದರೆ ಹೆಚ್ಚು. ಆದರೆ ಆರಾಧನೆಯ ವಿಷಯದಲ್ಲಿ ಅವನಿಗೊಂದು ಅನುಕೂಲವಿತ್ತು: ದೇಹದ ಮೇಲೆಯೇ ಧರಿಸುವ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಲು ದೇವಾಲಯವೂ ಪುರೋಹಿತನೂ ಬೇಕಿಲ್ಲ, ಬಾಡಿಗೆ ಕೋಣೆಯ ಒಂದು ಮೂಲೆ ಸಾಕು. ಹಾಗೆಯೇ ಸಿದ್ಧಗಂಗೆ, ಸುತ್ತೂರು ಮೊದಲಾದ ಮಠಗಳ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಬೆಳೆದವರಿಗೆ ಹತ್ತಾರು ಜನರೊಂದಿಗೆ ಕೂಡಿ ಬಾಳುವ ಅಭ್ಯಾಸ ಮೊದಲೇ ಇರುತ್ತಿತ್ತು. ಎಪ್ಪತ್ತರ ದಶಕದಿಂದ ಅಮೆರಿಕದಲ್ಲಿ ಹುಟ್ಟಿಕೊಂಡ ಕನ್ನಡ ಕೂಟಗಳು, 1983ರಲ್ಲಿ ಬ್ರಿಟನ್ನಿನಲ್ಲಿ ಸ್ಥಾಪಿತವಾದ ಕನ್ನಡ ಬಳಗ, ಉತ್ತರ ಅಮೆರಿಕದ ವೀರಶೈವ ಸಮಾಜ ಮತ್ತು ಕೊಡವ ಕೂಟಗಳು ಈ ಕೂಡುಬಾಳಿನ ಗುಣವನ್ನೇ ಹೊರದೇಶದಲ್ಲಿ ಮುಂದುವರಿಸಿವೆ.

ಇಂದು ಏಳುಸಾವಿರ ಸೀಮೆಯ ಮನೆಯೊಂದರಿಂದ ಹೊರದೇಶಕ್ಕೆ ಹೊರಡುವ ವಿದ್ಯಾರ್ಥಿ ಅಥವಾ ವಿದ್ಯಾರ್ಥಿನಿಗೆ ಬ್ಯಾಂಕಿನ ಸಾಲವೂ ಸರ್ಕಾರದ ವಿದ್ಯಾರ್ಥಿವೇತನಗಳೂ ಇವೆ, ಮನೆಯವರೊಂದಿಗೆ ದಿನವೂ ಮುಖ ನೋಡಿ ಮಾತನಾಡುವ ಸೌಕರ್ಯವಿದೆ. ಆದರೆ ಶುಲ್ಕ ಮತ್ತು ವಿಮಾನದ ಟಿಕೆಟ್ಟಿನ ಲೆಕ್ಕವನ್ನು ಮಾತ್ರ ನೋಡುವ ನೆರವು ಅರ್ಧ ದಾರಿಯ ನೆರವು. ತರಗತಿಯಲ್ಲಿ ಪ್ರಶ್ನಿಸುವ, ತನ್ನ ಊರಿನ ಗದ್ದೆ, ಕಾಫಿತೋಟ, ಮಠ, ಸಂತೆಗಳ ಕುರಿತು ಆಧಾರಸಹಿತವಾಗಿ ಮಾತನಾಡುವ ಸಾಮರ್ಥ್ಯವನ್ನು ಇಲ್ಲಿನ ಶಾಲೆ ಕಾಲೇಜುಗಳೇ ಬೆಳೆಸಬೇಕು. ತಮ್ಮ ನೆಲವನ್ನು ಚೆನ್ನಾಗಿ ಅರಿತು ಹೋದವರಿಗೆ ಪರದೇಶದ ತರಗತಿಯಲ್ಲಿ ಕಲಿಯುವುದರ ಜೊತೆಗೆ ಕೊಡಲಿಕ್ಕೂ ಏನಾದರೂ ಇರುತ್ತದೆ. ಶ್ರೀನಿವಾಸರ ಗ್ರಂಥ ಕೊಡಗಿನ ಶಾಲೆಗಳಿಗೆ ನೀಡುವ ಪಾಠ ಇದೇ ಆಗಿದೆ.